ಅಂಚು ಸೇರಿಸಿದರೆ ಸೊನ್ನೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ಹೆಂಡತಿ ಎಲ್ಲರ ಹತ್ತಿರವೂ ಹೇಳಿಕೊಂಡು ಬರುತ್ತಾಳೆ. ಹೇಳಲಿ ಬಿಡಿ, ಅಷ್ಟು ಹತ್ತಿರದಿಂದ ನನ್ನ ಮೂಗು ನೋಡಿದವಳು ಅವಳೊಬ್ಬಳೇ. ಆದರೆ ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ಅವಳ ಅಕ್ಕನದು. ಗುಡಾರದಕ್ಕ ಎಂದರೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು.

ಗುಡಾರದಕ್ಕ ಕ್ಯಾನ್ವಾಸ್ ಗುಡಾರ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಬಟ್ಟೆ ಕತ್ತರಿಸುತ್ತಾಳೆ. ಕತ್ತರಿಸುವ ವಿಭಾಗವೆಂದರೆ ತಗಡಿನ ಮಾಡಿನ ಒಂದು ಉದ್ದನೆಯ ಹಾಲ್. ಅಲ್ಲಿ ಮೇಜುಗಳಿಲ್ಲ, ನೆಲವೇ ಮೇಜು. ನೆಲದ ಮೇಲೆ ಮೇಣ ಹಚ್ಚಿದ ಬಟ್ಟೆ ಹಾಸಿಕೊಂಡು, ಚಪ್ಪಲಿ ಬಿಟ್ಟು, ಬಟ್ಟೆಯ ಮೇಲೆಯೇ ಓಡಾಡುತ್ತ ಕೆಲಸ ಮಾಡಬೇಕು. ಮೊಣಕೈ ಉದ್ದದ ಕತ್ತರಿ ಹಿಡಿದು ಹಿಡಿದು ಅವಳ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆ ಬೀಜದಷ್ಟು ಜಡ್ಡು ಕಟ್ಟಿದೆ. ದುಂಡು ಗುಡಾರವಾದರೆ ಒಂದು ಮೊಳೆ, ಒಂದು ದಾರ, ಒಂದು ಚೂರು ಸೀಮೆಸುಣ್ಣ, ಅಷ್ಟೇ. ಮೊಳೆಯನ್ನು ನಡುವೆ ಒತ್ತಿ, ದಾರವನ್ನು ಬಿಗಿಯಾಗಿ ಹಿಡಿದು, ಸೊಂಟ ಬಗ್ಗಿಸಿಕೊಂಡೇ ಅವಳು ಅರ್ಧ ಸುತ್ತು ನಡೆದು ಬರುವಷ್ಟರಲ್ಲಿ ಬಟ್ಟೆಯ ಮೇಲೆ ಬೀಸಣಿಗೆಯ ಆಕಾರ ಮೂಡಿರುತ್ತದೆ. ಅದನ್ನು ಕತ್ತರಿಸಿ ಸುತ್ತಿದರೆ ಗುಡಾರ ಎದ್ದು ನಿಲ್ಲುತ್ತದೆ.

ಇದನ್ನು ಅವಳಿಗೆ ಕಲಿಸಿದವರು ಆ ವಿಭಾಗದ ಮೇಸ್ತ್ರಿ. ಎಲ್ಲರೂ ಅವರನ್ನು ಯಜಮಾನರೆಂದೇ ಕರೆಯುತ್ತಿದ್ದರು. ಸಹಿ ಹಾಕುವುದು ಬಿಟ್ಟರೆ ಅವರಿಗೆ ಓದುಬರಹವಿಲ್ಲ. ಗಂಟು ಹಾಕಿದ ಒಂದು ಹಗ್ಗವೇ ಅವರ ಮಗ್ಗಿಪುಸ್ತಕ. ಕಣ್ಣಿಗೆ ಪೊರೆ ಬಂದು ಮಬ್ಬಾದ ಮೇಲೂ ಹೊಲಿಗೆಯನ್ನು ಎರಡು ಬೆರಳ ನಡುವೆ ಉಜ್ಜಿ, "ಇಲ್ಲಿ ಒಂದು ಮಡಿಕೆ ತಪ್ಪಿದೆ, ಬಿಚ್ಚಿ" ಎನ್ನುತ್ತಿದ್ದರು. ತಪ್ಪಿಯೂ ಇರುತ್ತಿತ್ತು.

ಯಜಮಾನರ ನಿವೃತ್ತಿ ಹತ್ತಿರ ಬಂತು. ಅವರ ಜಾಗಕ್ಕೆ ಗುಡಾರದಕ್ಕನೇ ಎಂದು ಬಾಗಿಲು ಕಾಯುವವನಿಗೂ ಗೊತ್ತಿತ್ತು. ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದ, ಅವನ ಹಿಂದೆಯೇ ಹೊಸ ನಿಯಮವೂ ಬಂತು. ಮೇಲ್ವಿಚಾರಕರಾಗುವವರು ಹತ್ತನೇ ತರಗತಿ ಪಾಸಾಗಿರಬೇಕು. ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ತರುತ್ತಾರೆ, ಇವಳು ಇನ್ನು ಒಂಬತ್ತು ವರ್ಷ ಆ ಹೊರಗಿನವನ ಕೈಕೆಳಗೆ ಬಗ್ಗಿಕೊಂಡಿರಬೇಕು.

ಗುಡಾರದಕ್ಕ ಶಾಲೆ ಬಿಟ್ಟದ್ದು ಒಂಬತ್ತರಲ್ಲಿ. ಅವರಮ್ಮ ತೀರಿಕೊಂಡಾಗ ನನ್ನ ಹೆಂಡತಿಗೆ ನಾಲ್ಕು ವರ್ಷ. ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡವಳು ಪುಸ್ತಕವನ್ನು ಕೆಳಗಿಟ್ಟಳು. ಆ ತಂಗಿ ಈಗ ನನ್ನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಊರ ಮಕ್ಕಳನ್ನೆಲ್ಲ ಪಾಸು ಮಾಡಿಸಿದ್ರಿ. ನಮ್ಮಕ್ಕ ಫೇಲಾದ್ರೆ ನಿಮ್ಮ ಗಣಿತ ಎಲ್ಲಾ ತಗೊಂಡು ಜಗಲಿ ಮೇಲೆ ಮಲ್ಕೊಳ್ಳಿ."

ವಿಷಯ ಅಷ್ಟು ಸರಳವಾಗಿರಲಿಲ್ಲ. ಖಾಸಗಿಯಾಗಿ ಕಟ್ಟಿದ ಮೊದಲ ಪರೀಕ್ಷೆಯಲ್ಲೇ ಗುಡಾರದಕ್ಕ ಬೇರೆಲ್ಲ ವಿಷಯಗಳಲ್ಲೂ ಪಾಸಾಗಿ ಗಣಿತದಲ್ಲಿ ಮಾತ್ರ ಮೂವತ್ತೊಂದಕ್ಕೆ ನಿಂತಿದ್ದಳು. ಬೇಕಾದದ್ದು ಮೂವತ್ತೈದು. ಉಳಿದದ್ದು ಒಂದೇ ಅವಕಾಶ, ಯಜಮಾನರು ಹೋಗುವ ತಿಂಗಳಿಗೆ ಮುಂಚೆ. ಎಲ್ಲಿ ಮುಗ್ಗರಿಸಿದೆ ಎಂದು ಕೇಳಿದೆ. ನಾಲ್ಕು ಅಂಕದ ಒಂದು ಪ್ರಶ್ನೆ ಪೂರ್ತಿ ಹೋಗಿತ್ತು. ಯಾವುದು ಎಂದರೆ, ಹೇಳಿದರೆ ನೀವು ನಂಬುವುದಿಲ್ಲ, ಗುಡಾರದ ಪ್ರಶ್ನೆ!

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಪುಸ್ತಕ ಬಿಚ್ಚಿ ಕೂತೆವು. ಶಂಕುವಿನ ಆಕಾರದ ಒಂದು ಗುಡಾರ. ಪಾದದ ತ್ರಿಜ್ಯ ಏಳು ಮೀಟರ್, ಎತ್ತರ ಇಪ್ಪತ್ತನಾಲ್ಕು ಮೀಟರ್. ಬೇಕಾಗುವ ಕ್ಯಾನ್ವಾಸ್ ಎಷ್ಟು?

ಅವಳು ಓದಿ ಕನ್ನಡಕ ತೆಗೆದಿಟ್ಟಳು.

"ಇದನ್ನ ಯಾರು ಆರ್ಡರ್ ಕೊಟ್ಟಿದ್ದು ಮೇಷ್ಟ್ರೇ?"

"ಯಾರೂ ಕೊಟ್ಟಿಲ್ಲ. ಲೆಕ್ಕ ಅದು."

"ಇಪ್ಪತ್ನಾಲ್ಕು ಮೀಟರ್ ಅಂದ್ರೆ ಎಂಟು ಅಂತಸ್ತು. ಒಳಗೇನು, ಜಿರಾಫೆ ಮದುವೆನಾ? ಒಂದು ಗಾಳಿ ಬೀಸಿದ್ರೆ ಕಂಬ ಸಮೇತ ಪಕ್ಕದೂರಲ್ಲಿ ಹುಡುಕ್ಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಏಳರ ವರ್ಗ ನಲವತ್ತೊಂಬತ್ತು, ಇಪ್ಪತ್ತನಾಲ್ಕರ ವರ್ಗ ಐನೂರ ಎಪ್ಪತ್ತಾರು. ಕೂಡಿದ್ರೆ ಆರುನೂರ ಇಪ್ಪತ್ತೈದು, ಅದರ ವರ್ಗಮೂಲ ಇಪ್ಪತ್ತೈದು. ಓರೆ ಎತ್ತರ ಸರಿಯಾಗಿ ಬರ್ಲಿ ಅಂತ ಹಾಗೆ ಕೊಟ್ಟಿರ್ತಾರೆ."

"ಓರೆ ಎತ್ತರ ಸರಿಯಾಗಿ ಬರತ್ತೆ, ಗುಡಾರ ನಿಲ್ಲಲ್ಲ. ಒಳ್ಳೆ ಕಥೆ!"

ಆದರೂ ಹಾಕಿದಳು. ಓರೆ ಎತ್ತರ ಎಂದರೇನು ಎಂದು ಅವಳಿಗೆ ನಾನು ಹೇಳಿಕೊಡಬೇಕಾಗಿಯೇ ಇರಲಿಲ್ಲ. ನಮ್ಮ ಶಾಲೆಯ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಜನ ನೆಟ್ಟಗಿನ ಎತ್ತರವನ್ನೇ ಹಾಕಿ ಹಾಳಾಗುತ್ತಾರೆ. ಇವಳು, "ಬಟ್ಟೆ ಇಳಿಜಾರಲ್ಲಿ ತಾನೆ ಇರೋದು? ನಡುವಿನ ಕಂಬಕ್ಕೆ ಬಟ್ಟೆ ಯಾಕೆ ಸುತ್ತಲಿ?" ಎಂದಳು. ಏಳು ಗುಣಿಸು ಇಪ್ಪತ್ತೈದು, ಅದಕ್ಕೆ ಇಪ್ಪತ್ತೆರಡು ಬೈ ಏಳು, ಐನೂರ ಐವತ್ತು ಚದರ ಮೀಟರ್ ಎಂದು ಚಕಚಕನೆ ಬರೆದಳು. ನಾನು ಶಹಭಾಸ್ ಅನ್ನಲು ಬಾಯಿ ತೆರೆಯುವುದಕ್ಕೂ ಅವಳು ಅದನ್ನು ಹೊಡೆದು ಹಾಕಿ ಕೆಳಗೆ ಐನೂರ ಎಂಬತ್ತೆಂಟು ಎಂದು ಬರೆಯುವುದಕ್ಕೂ ಸರಿಹೋಯಿತು.

"ಇದೆಲ್ಲಿಂದ ಬಂತು?"

"ಅಂಚು ಬೇಡ್ವಾ? ಎರಡು ಬಟ್ಟೆ ಸೇರೋ ಕಡೆ ಹೆಬ್ಬೆರಳಗಲ ಎರಡು ಮಡಿಕೆ. ಬುಡಕ್ಕೆ ಹಗ್ಗ ತೂರೋ ಮಡಿಕೆ, ತುದಿಗೆ ಹರೀದ ಹಾಗೆ ಒತ್ತುಬಟ್ಟೆ. ನೀವು ಹೇಳಿದ ಐನೂರೈವತ್ತು ತಗೊಂಡ್ಹೋದ್ರೆ ಗುಡಾರ ಆಗಲ್ಲ ಮೇಷ್ಟ್ರೇ, ಬೀಸಣಿಗೆ ಥರದ ಹಾಸು ಆಗತ್ತೆ."

ನನಗೆ ರೇಗಿತು. ಮೂವತ್ತೊಂದು ವರ್ಷ ಈ ಅಂಚಿನ ಜೊತೆ ಗುದ್ದಾಡಿದವನು ನಾನು. ಪ್ರತಿ ವರ್ಷವೂ ಯಾವನೋ ದರ್ಜಿಯ ಮಗನೋ, ಮೋಚಿಯ ಮಗಳೋ ಎದ್ದು ನಿಂತು ಸಾರ್ ಹೊಲಿಗೆಗೆ ಎಂದು ಕೇಳುವುದು, ನಾನು ಬೆತ್ತದಿಂದ ಮೇಜು ಕುಟ್ಟಿ, "ಅಂಚು ಸೇರಿಸಿದರೆ ಸೊನ್ನೆ!" ಎನ್ನುವುದು. ಸೊನ್ನೆ ಹಾಕಿಯೂ ಇದ್ದೇನೆ, ಕೆಂಪು ಮಸಿಯಲ್ಲಿ, ಎದ್ದು ಕಾಣುವಷ್ಟು ದೊಡ್ಡದಾಗಿ.

"ನೋಡಕ್ಕಾ," ಎಂದೆ, ಹಲ್ಲು ಕಚ್ಚಿಕೊಂಡು. "ಗಣಿತದ ಶಂಕುವಿಗೆ ಹೊಲಿಗೆ ಇರಲ್ಲ. ತೋರಿಸ್ತೀನಿ ಇರು."

ಹಳೆಯ ಕ್ಯಾಲೆಂಡರಿನ ಹಾಳೆ ತಂದೆ. ಕೈವಾರ ಇಟ್ಟು ಬೀಸಣಿಗೆಯಂಥ ತ್ರಿಜ್ಯಾಂತರ ಖಂಡ ಬರೆದೆ. ಕತ್ತರಿಸಿದೆ. ಅದನ್ನು ಸುರುಳಿ ಸುತ್ತಿ ಟೊಪ್ಪಿಗೆ ಮಾಡಿ ಅಂಟಿಸಿ ಮೇಜಿನ ಮೇಲೆ ನಿಲ್ಲಿಸಿದೆ. ತರಗತಿಯಲ್ಲಿ ಸಾವಿರ ಸಲ ಮಾಡಿದ್ದು, ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ. ಗುಡಾರದಕ್ಕ ಅದನ್ನು ಎತ್ತಿಕೊಂಡು ಒಳಗೆ ಬೆರಳು ಹಾಕಿ ತಡವಿದಳು.

"ಇಲ್ಲಿ ಪಟ್ಟಿ ಒಂದು ಜಾಸ್ತಿ ಬಿಟ್ಟಿದೀರಲ್ಲ, ಯಾಕೆ?"

"ಅಂಟು ಹಚ್ಚೋಕೆ. ಇಲ್ದಿದ್ರೆ ನಿಲ್ಲೋದು ಹೇಗೆ?"

"ಲೆಕ್ಕಕ್ಕೆ ತಗೊಂಡ್ರಾ ಅದನ್ನ?"

ಅಡುಗೆಮನೆಯಲ್ಲಿ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಗುರುವಿಗೇ ತಿರುಮಂತ್ರ. ಮೂವತ್ತೊಂದು ವರ್ಷ ನಾನು ಪಟ್ಟಿ ಬಿಟ್ಟು ಅಂಟಿಸಿ, ಪಟ್ಟಿ ಲೆಕ್ಕಕ್ಕಿಲ್ಲ ಎಂದು ಮಕ್ಕಳ ಮುಂದೆ ನಿಂತು ಹೇಳಿದ್ದೇನೆ, ನನಗೆ ಒಂದು ದಿನವಾದರೂ ನಗು ಬರಲಿಲ್ಲ. ಆದರೆ ಸೋತೆ ಎನ್ನಲು ನಾನೇನು ಹುಚ್ಚನೇ? ಕೆಲಸ ಅವಳದು, ಅಂಕ ಕೊಡುವವನು ಯಾರೋ ಬೇರೆ.

"ಅಕ್ಕಾ, ನಿನಗೆ ಆ ಜಾಗ ಬೇಕೋ ಬೇಡ್ವೋ?"

ಅವಳು ಟೊಪ್ಪಿಗೆಯನ್ನು ಮೇಜಿನ ಮೇಲಿಟ್ಟಳು. "ಬೇಕು," ಎಂದಳು. "ದೊಡ್ಡ ಕುರ್ಚಿ ಅಂತ ಅಲ್ಲ. ಆ ಗುಡಾರಗಳಲ್ಲಿ ಕಟ್ಟಡ ಕೆಲಸದವರು ಮಕ್ಕಳು ಮರಿ ಕಟ್ಕೊಂಡು ಮಲಗ್ತಾರೆ. ಹೊರಗಿನೋನು ಬಂದು ಅಂಚು ಕದ್ರೆ ಹೊಲಿಗೆ ಬಿಡತ್ತೆ. ಯಜಮಾನ್ರು ಇಷ್ಟು ವರ್ಷ ಒಂದು ಗುಡಾರಾನೂ ವಾಪಸ್ ಬರೋಕೆ ಬಿಟ್ಟಿಲ್ಲ. ಅದು ಹಾಗೇ ನಡೀಬೇಕು, ಅಷ್ಟೇ."

"ಹಾಗಾದ್ರೆ ಪರೀಕ್ಷೇಲಿ ಅಂಚು ಬರೀಬೇಡ. ಮೂರು ಗಂಟೆ ಮಾತ್ರ ಅಂಚಿಲ್ಲದ ಲೋಕದಲ್ಲಿ ಇದ್ದು ಬಾ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು. ಯಾಕೆ, ಹೇಗೆ ಅಂತ ಕೇಳ್ಬೇಡ."

ಪರೀಕ್ಷೆಯ ದಿನ ಶಾಲೆಯ ಗೇಟಿನ ಹೊರಗೆ ನಿಂತು ಕಾದೆ. ಒಳಗೆ ಹೋದವರೆಲ್ಲ ಹದಿನಾರು ವರ್ಷದವರು, ನಡುವೆ ನಲವತ್ತೊಂಬತ್ತರ ನಮ್ಮವಳು. ಮೂರು ಗಂಟೆ ಕಳೆದು ಹೊರಗೆ ಬಂದಾಗ ಅವಳ ಮುಖ ಸಪ್ಪಗಿತ್ತು.

"ಗುಡಾರ ಬಂದಿತ್ತು. ಪಿರಮಿಡ್ದು. ಅಂಚಿಲ್ದೇ ಬರೆದೆ ಮೇಷ್ಟ್ರೇ."

"ಸದ್ಯ!"

"ಏನು ಸದ್ಯ? ಕದ್ದು ಬಂದ ಹಾಗಿದೆ ನನಗೆ."

ನಲವತ್ತೆರಡು ಬಂತು. ನನ್ನ ಹೆಂಡತಿ ಅಕ್ಕನನ್ನು ತಬ್ಬಿಕೊಂಡು ಅತ್ತಳು, ನನಗೆ ಜಗಲಿಯ ಭಯ ತಪ್ಪಿತು. ಯಜಮಾನರು ಹಾಲಿನ ಬಾಗಿಲಲ್ಲಿ ತಮ್ಮ ಗಂಟಿನ ಹಗ್ಗವನ್ನು ಅವಳ ಕೈಗಿಟ್ಟು, ಗೋಡೆ ಹಿಡಿದುಕೊಂಡು ಮನೆಗೆ ಹೋದರಂತೆ. ಬೀಳ್ಕೊಡುಗೆ ಸಮಾರಂಭವನ್ನು ಮ್ಯಾನೇಜರ್ ಮೂರು ತಿಂಗಳು ಮುಂದಕ್ಕೆ ಹಾಕಿದ. ಮೂರು ತಿಂಗಳ ವರದಿಯ ಸಭೆ ಹೇಗೂ ಇದೆ, ಒಂದೇ ಚಹಾದಲ್ಲಿ ಎರಡೂ ಮುಗಿಯುತ್ತವೆ ಎಂಬುದು ಅವನ ಯೋಜನೆ.

ಹೊಸ ಜಾಗಕ್ಕೆ ಹೋಗಿ ಹತ್ತು ದಿನವಾಗಿರಲಿಲ್ಲ, ಗುಡಾರದಕ್ಕ ಒಂದು ಕಾಗದ ಹಿಡಿದು ಉರಿಯುತ್ತ ಬಂದಳು. ಇನ್ನು ಮುಂದೆ ಮೇಲ್ವಿಚಾರಕಿಯು ಪ್ರತಿ ಗುಡಾರಕ್ಕೂ ಮೇಲ್ಮೈ ವಿಸ್ತೀರ್ಣವನ್ನು ಸೂತ್ರದ ಪ್ರಕಾರ ಲೆಕ್ಕ ಹಾಕಿ ಸಹಿ ಮಾಡಬೇಕು. ಉಗ್ರಾಣದವನು ಅಷ್ಟೇ ಬಟ್ಟೆ ಕೊಡುತ್ತಾನೆ. ಲೆಕ್ಕ ಒಂದು ಕಾಲಂ, ಕೊಟ್ಟದ್ದು ಒಂದು ಕಾಲಂ, ಕೊನೆಯದು ವ್ಯತ್ಯಾಸ. ಆ ಕೊನೆಯ ಕಾಲಮ್ಮಿನಲ್ಲಿ ಸೊನ್ನೆ ಇರಬೇಕು.

"ನಿಮ್ಮ ಸೊನ್ನೆ ನನ್ನ ಬಿಡಲ್ಲ ಅನ್ಸತ್ತೆ ಮೇಷ್ಟ್ರೇ. ಬನ್ನಿ, ನೀವೇ ಬಂದು ಹೇಳಿ ಅವನಿಗೆ."

ಹೋದೆ. ಮ್ಯಾನೇಜರ್ ಕೆಟ್ಟವನಲ್ಲ, ಅದೇ ತೊಂದರೆ. ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ. ಅವನ ಮೇಜಿನ ಮೇಲೆ ಪೆನ್ಸಿಲುಗಳನ್ನು ಉದ್ದದ ಕ್ರಮದಲ್ಲಿ ಜೋಡಿಸಿದ್ದ.

"ಸರ್, ನೀವು ಗಣಿತದವರು, ನೀವೇ ಹೇಳಿ. ಚೌಕದ ಪಿರಮಿಡ್ ಗುಡಾರ. ಬುಡ ಆರು ಮೀಟರ್, ಎತ್ತರ ನಾಲ್ಕು. ಎಷ್ಟಾಯ್ತು?"

ಅರ್ಧ ಬುಡ ಮೂರು, ಎತ್ತರ ನಾಲ್ಕು, ಓರೆ ಎತ್ತರ ಐದು. ಒಂದು ತ್ರಿಕೋನಕ್ಕೆ ಹದಿನೈದು, ನಾಲ್ಕಕ್ಕೆ ಅರವತ್ತು. "ಅರವತ್ತು," ಎಂದು ನನ್ನ ಬಾಯಿಂದ ಬಂದೇ ಬಿಟ್ಟಿತು. ಹಾಳು ಅಭ್ಯಾಸ.

"ಹಳೆ ಮೇಸ್ತ್ರಿ ಇದಕ್ಕೆ ಅರವತ್ತೈದು ತಗೋತಿದ್ರು. ಐದು ಮೀಟರ್ ಎಲ್ಲಿಗೆ ಹೋಯ್ತು ಅಂತ ಮೇಲಿನವರು ನನ್ನ ಕೇಳ್ತಾರೆ."

"ಹೊಲಿಗೆಗೆ ರೀ! ಅಂಚಿಗೆ!"

ಅವನು ನಯವಾಗಿ ನಕ್ಕ. "ನಮ್ಮ ಗಣಿತದ ಮೇಷ್ಟ್ರ ಹತ್ರ ನಾನೂ ಹೀಗೇ ಹೇಳಿದ್ದೆ ಸರ್, ಎಂಟನೇ ಕ್ಲಾಸಲ್ಲಿ. ಸೊನ್ನೆ ಹಾಕಿದ್ರು. ಆಮೇಲೆ ಯಾವತ್ತೂ ಹೇಳಿಲ್ಲ."

ಅವನ ಮೇಷ್ಟ್ರು ನಾನಲ್ಲ, ಅವನ ಊರೇ ಬೇರೆ. ಆದರೂ ಚಹಾದ ಲೋಟ ಕೆಳಗಿಟ್ಟೆ. ಹೊಲಿಗೆ ಕಿತ್ತರೆ ಒಳಗಿರುವವರ ಗತಿಯೇನು, ಅಂಚೆಂದರೆ ಪೋಲಲ್ಲ, ಗಣಿತದ ಶಂಕುವೇ ಬೇರೆ ಬಟ್ಟೆಯ ಗುಡಾರವೇ ಬೇರೆ ಎಂದು ಅರ್ಧ ಗಂಟೆ ಕೂಗಾಡಿದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದೊಂದೇ ಬಂತು. ಅಂಚಿಗೆ ಒಂದು ಸೂತ್ರವಿದ್ದರೆ ಬರೆದುಕೊಡಿ, ಕಳಿಸುತ್ತೇನೆ ಎಂದ. ಪುಸ್ತಕದಲ್ಲಿರುವ ಸೂತ್ರವೇ ಆಗಬೇಕಂತೆ. ಯಾವ ಪುಸ್ತಕದಲ್ಲಿದೆ?

ಗುಡಾರದಕ್ಕ ನನಗಿಂತ ಮುಂಚೆ ಎದ್ದು ಹೊರಟಳು. ವಾಪಸು ಬರುವಾಗ ದಾರಿಯುದ್ದಕ್ಕೂ ನೆಲ ನೋಡುತ್ತ ನಡೆದಳು. ಸಹಿ ಹಾಕಿ ಅರವತ್ತರಲ್ಲಿ ಹೊಲಿದರೆ ಗುಡಾರ ಹೋಯಿತು, ಹಾಕುವುದಿಲ್ಲವೆಂದರೆ ಜಾಗ ಹೋಯಿತು. ಎಂಥ ಪರೀಕ್ಷೆಗೆ ತಳ್ಳಿದೆನಪ್ಪಾ ಇವಳನ್ನು ಎಂದು ನನಗೆ ನಾಚಿಕೆಯಾಯಿತು.

ಮುಂದಿನ ಭಾನುವಾರ ಅವಳೇ ಬಂದಳು. ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟು, "ತಿದ್ದಿ ಕೊಡಿ," ಎಂದಳು.

ಬುಡ ಆರು ಮೀಟರ್. ಎತ್ತರ ನಾಲ್ಕೂವರೆ. ಮೂರರ ವರ್ಗ ಒಂಬತ್ತು, ನಾಲ್ಕೂವರೆಯ ವರ್ಗ ಇಪ್ಪತ್ತು ಪಾಯಿಂಟ್ ಎರಡು ಐದು. ಓರೆ ಎತ್ತರ ಐದು ಪಾಯಿಂಟ್ ನಾಲ್ಕು ಒಂದು. ಮೇಲ್ಮೈ ವಿಸ್ತೀರ್ಣ ಅರವತ್ತೈದಕ್ಕೆ ಒಂದು ಎಳ್ಳುಕಾಳಿನಷ್ಟು ಕಡಿಮೆ.

"ಲೆಕ್ಕ ಸರಿ ಇದೆ. ಆದರೆ ಗುಡಾರದ ಎತ್ತರ ನಾಲ್ಕಲ್ವಾ?"

"ಗುಡಾರದ್ದು ನಾಲ್ಕು. ಕಾಗದದ್ದು ನಾಲ್ಕೂವರೆ." ಮೊದಲ ಸಲ ಅವಳ ಮುಖದಲ್ಲಿ ಕಳ್ಳನಗು ಕಂಡೆ. "ಗಿರಾಕಿ ಕೇಳೋದು ಬುಡದ ಅಳತೆ. ಎತ್ತರ ನಾವು ಹಾಕಿದ್ದೇ. ಬುಡ ಆದ್ರೆ ಯಾರು ಬೇಕಾದ್ರೂ ಟೇಪ್ ಹಿಡೀಬಹುದು, ತುದಿಗೆ ಹತ್ತಿ ಯಾರು ನೋಡ್ತಾರೆ? ಕಾಗದದ ಗುಡಾರ ಅರ್ಧ ಮೀಟರ್ ಎತ್ತರ ಬೆಳೀಲಿ, ನನಗೆ ನನ್ನ ಅಂಚು ಬರ್ಲಿ. ಎಷ್ಟು ಎತ್ತರಿಸಿದ್ರೆ ಎಷ್ಟು ಬಟ್ಟೆ ಅಂತ ಈಗ ನನಗೆ ಬರತ್ತಲ್ಲ, ನೀವೇ ಕಲಿಸಿದ್ದು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ನಾನು ಹಾಳೆಯನ್ನು ಎರಡು ಸಲ ನೋಡಿದೆ. ಇಡೀ ಜೀವನದಲ್ಲಿ ಇಷ್ಟು ಶುದ್ಧವಾದ ಸುಳ್ಳು ಲೆಕ್ಕ ಕಂಡಿರಲಿಲ್ಲ. ಒಂದೇ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಕೆಂಪು ಪೆನ್ನು ತೆಗೆದು ಸರಿ ಗುರುತು ಹಾಕಿದೆ. ನನ್ನ ಹೆಂಡತಿ ಪೂರ್ತಿ ಅಂಕ ಕೊಡಿ ಎಂದು ಹಟ ಹಿಡಿದಳು, ಕೊಟ್ಟೆ.

ಮೂರು ತಿಂಗಳು ಹೀಗೇ ನಡೆಯಿತು. ಕಾಗದದ ಮೇಲೆ ದುಂಡು ಗುಡಾರಗಳೂ ಚೌಕದ ಗುಡಾರಗಳೂ ಒಂದೊಂದು ಮೊಳ ಎತ್ತರ ಬೆಳೆದವು. ಕೊನೆಯ ಕಾಲಮ್ಮಿನಲ್ಲಿ ಸಾಲು ಸಾಲಾಗಿ ಸೊನ್ನೆ. ಬಟ್ಟೆ ಮೊದಲಿನಷ್ಟೇ ಹೋಗುತ್ತಿತ್ತು. ಅದನ್ನೂ, ನಾಲ್ಕು ಮೀಟರ್ ನಾಲ್ಕೂವರೆ ಆದದ್ದನ್ನೂ ಒಬ್ಬರೂ ನೋಡಲಿಲ್ಲ, ಏಕೆಂದರೆ ನೋಡಬೇಕಾದ ಕಾಲಂ ಅದಾಗಿರಲಿಲ್ಲ.

ಸಭೆಯ ದಿನ ಮ್ಯಾನೇಜರ್ ನನ್ನನ್ನೂ ಕರೆದ, ಮೇಲ್ವಿಚಾರಕಿಯ ಗುರುಗಳೆಂದು. ಕತ್ತರಿಸುವ ಹಾಲಿನಲ್ಲೇ ಕುರ್ಚಿ ಹಾಕಿದ್ದರು. ಹಿಂದೆ ಅಲಂಕಾರಕ್ಕೆಂದು ಆರು ಮೀಟರಿನ ಪಿರಮಿಡ್ ಗುಡಾರವೊಂದನ್ನು ಎಬ್ಬಿಸಿದ್ದರು. ಮೇಲಿನ ಕಚೇರಿಯಿಂದ ಇಬ್ಬರು ಬಂದಿದ್ದರು. ಮುಂದಿನ ಸಾಲಿನಲ್ಲಿ ಯಜಮಾನರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾತು ಬಂದ ಕಡೆಗೆಲ್ಲ ಮುಖ ತಿರುಗಿಸುತ್ತ ಕೂತಿದ್ದರು.

ಮ್ಯಾನೇಜರ್ ಗೋಡೆಗೆ ಪೋಲಾದ ಬಟ್ಟೆಯ ಒಂದು ನಕ್ಷೆ ನೇತುಹಾಕಿದ. ಯಜಮಾನರ ಕಾಲದ ಕೆಂಪು ಪಟ್ಟಿಗಳು ಎತ್ತರಕ್ಕೆ ನಿಂತಿದ್ದವು, ಈಗಿನವು ನೆಲಕ್ಕೆ ಹತ್ತಿಕೊಂಡಿದ್ದವು.

"ಹಿರಿಯರ ಬಗ್ಗೆ ನಮಗೆಲ್ಲ ಗೌರವ ಇದೆ. ಆದರೆ ಅಂಕಿ ಅಂಶ ಸುಳ್ಳು ಹೇಳಲ್ಲ. ಅಂದಾಜಿನ ಕೆಲಸದಿಂದ ಒಂದೊಂದು ಗುಡಾರಕ್ಕೆ ಐದು ಮೀಟರ್ ಬಟ್ಟೆ ಪೋಲಾಗ್ತಿತ್ತು, ಅದೂ ಎಷ್ಟೋ ವರ್ಷ. ಓದಿದವರು ಬಂದ್ರು, ಪೋಲು ಸೊನ್ನೆ ಆಯ್ತು. ಈಗ ಹಿರಿಯರು ಎರಡು ಮಾತು ಆಡ್ತಾರೆ."

ನಾನು ಗುಡಾರದಕ್ಕನ ಕಡೆ ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ಆ ಕೆಂಪು ಪಟ್ಟಿಗಳನ್ನು ಬೆಳೆಸಿದ್ದು ಅವಳ ಸಹಿಗಳೇ. ಪ್ರತಿ ಸೊನ್ನೆಯೂ ಯಜಮಾನರು ಪೋಲು ಮಾಡುವವರಾಗಿದ್ದರು ಎಂದು ಬರೆದುಕೊಟ್ಟ ಸಾಕ್ಷಿ. ಇದು ಅವಳಿಗೂ ಹೊಳೆದಿರಲಿಲ್ಲ, ಲೆಕ್ಕ ತಿದ್ದಿದ ನನಗೂ ಹೊಳೆದಿರಲಿಲ್ಲ. ಥೂ ನಮ್ಮ ಜಾಣತನಕ್ಕಿಷ್ಟು!

ಯಜಮಾನರು ಎದ್ದರು. ಮೈಕಿನ ಕಡೆ ಹೋಗಲಿಲ್ಲ, ಕೈ ಮುಂದೆ ಚಾಚಿಕೊಂಡು ಗುಡಾರದ ಕಡೆ ಹೋದರು. ಮೂಲೆಯ ಹೊಲಿಗೆ ಸಿಕ್ಕಿತು. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬುಡದಿಂದ ಕೈ ಎಟುಕುವವರೆಗೂ ಉಜ್ಜುತ್ತ ಹೋದರು. ಬಗ್ಗಿ ಬುಡದ ಮಡಿಕೆಯನ್ನು ಮಗುಚಿ ನೋಡಿದರು. ಎರಡು ಮಡಿಕೆ, ಹೆಬ್ಬೆರಳಗಲ, ಒಂದು ಕೂದಲೂ ಕಡಿಮೆಯಿಲ್ಲ. ಅವರ ಐದು ಮೀಟರ್ ಅಷ್ಟೂ ಅಲ್ಲಿಯೇ ಇತ್ತು.

ಹಾಲಿನಲ್ಲಿ ಎಲ್ಲರೂ ಕಾಯುತ್ತಿದ್ದರು. 'ಅಂಚು ಇಲ್ಲೇ ಇದೆಯಲ್ಲ ಸ್ವಾಮಿ' ಎಂದು ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವರ ಮಾನ ಅಲ್ಲೇ ವಾಪಸು ಬರುತ್ತಿತ್ತು, ಇವಳ ಜಾಗ ಅಲ್ಲೇ ಹೋಗುತ್ತಿತ್ತು. ಅವರು ಹೊಲಿಗೆಯ ಮೇಲಿನ ಕೈ ತೆಗೆಯದೆ ಮ್ಯಾನೇಜರನ ದನಿ ಬಂದ ಕಡೆಗೆ ತಿರುಗಿದರು.

"ನೀವು ಹೇಳಿದ್ದು ಸರಿ ಸ್ವಾಮಿ. ನನಗೆ ಲೆಕ್ಕ ಬರ್ತಿರ್ಲಿಲ್ಲ. ಬಟ್ಟೆ ಪೋಲಾಗಿರ್ಬೇಕು, ತಪ್ಪಾಯ್ತು. ಈ ಹುಡುಗಿ ಓದಿದ್ದಾಳೆ. ಇವಳು ಹೇಳಿದ ಹಾಗೆ ನಡೀಲಿ, ಬದಲಾಯಿಸ್ಬೇಡಿ."

ಮೇಲಿನ ಕಚೇರಿಯವರು ಚಪ್ಪಾಳೆ ತಟ್ಟಿದರು, ಮ್ಯಾನೇಜರ್ ತಟ್ಟಿದ, ಇಡೀ ಹಾಲೇ ತಟ್ಟಿತು. ಸುಮ್ಮನಿದ್ದರೆ ಅನುಮಾನ ಬಂದೀತೆಂದು ನಾನೂ ತಟ್ಟಿದೆ. ಗುಡಾರದಕ್ಕ ಓಡಿ ಹೋಗಿ ಅವರ ತೋಳು ಹಿಡಿದುಕೊಂಡಳು. ಕುರ್ಚಿಗೆ ಕರೆತರುವಾಗ ಅವರು ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭುಜ ಅಲುಗಿಸುತ್ತ ಅಲ್ಲೇ ನಿಂತುಬಿಟ್ಟಳು.

ಏನಂದರು ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ಬುಡದ ಮಡಿಕೆ ಅರ್ಧ ಬೆರಳು ಜಾಸ್ತಿ ಆಗಿದೆ ಕಣೇ," ಎಂದಿದ್ದರಂತೆ. "ಪೋಲು ಮಾಡ್ಬೇಡ."